ನನ್ನ ಮಗಳ ಗೊಂಬೆಗಳಿಗೆ ಕನ್ನಡ ಬರುವುದಿಲ್ಲ: ಮೂರು ಇಲಾಖೆಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕ ಸರ್ಕಾರದ ಮಾಹಿತಿ ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಗಳ ಸಚಿವರು ಹಾಗೂ ಅಧಿಕಾರಿಗಳಿಗೆ.

ಮಾನ್ಯರೇ,

ಹೋದ ತಿಂಗಳ ಒಂದು ಭಾನುವಾರ ನನ್ನ ಏಳು ವರ್ಷದ ಮಗಳು ಚಾಪೆ ಹಾಸಿಕೊಂಡು ಗೊಂಬೆಗಳ ಜೊತೆ ಆಡುತ್ತಿದ್ದಳು. ಚನ್ನಪಟ್ಟಣದ ಎರಡು ಮರದ ಗೊಂಬೆ, ಕಿವಿ ಹರಿದ ಒಂದು ಬಟ್ಟೆಯ ಮೊಲ. ಮೊಲಕ್ಕೆ ಜ್ವರ ಬಂದಿತ್ತು, ಮರದ ಗೊಂಬೆ ಡಾಕ್ಟರಾಗಿತ್ತು. ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಡಾಕ್ಟರು ಹಿಂದಿಯಲ್ಲಿ ಕೇಳಿದರು, ಮೊಲ ಹಿಂದಿಯಲ್ಲೇ ನರಳಿತು. ಮಧ್ಯೆ ನನ್ನ ಕಡೆ ತಿರುಗಿ, 'ಅಮ್ಮಾ, ಸ್ವಲ್ಪ ನೀರು ಕೊಡೇ, ಔಷಧಿ ಕಲಸ್ಬೇಕು' ಎಂದು ಅಪ್ಪಟ ತುಮಕೂರು ಕನ್ನಡದಲ್ಲಿ ಹೇಳಿ ಮತ್ತೆ ಹಿಂದಿಗೆ ಹೋದಳು. ನಮ್ಮ ಮನೆಯಲ್ಲಿ ಯಾರಿಗೂ ಹಿಂದಿ ಸರಿಯಾಗಿ ಬರುವುದಿಲ್ಲ. ಅವಳು ಅದನ್ನು ಕಲಿತದ್ದು ಕಾರ್ಟೂನು ನೋಡಿ ನೋಡಿ. 'ನಿನ್ನ ಮೊಲಕ್ಕೆ ಕನ್ನಡ ಬರಲ್ವೇನೇ?' ಎಂದೆ. ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. 'ಗೊಂಬೆಗಳು ಹಂಗೇ ಅಲ್ವಾ ಮಾತಾಡೋದು?' ಎಂದಳು.

ಈ ಮಾತು ಬೇರೆ ಯಾವ ತಾಯಿಗಾದರೂ ತಮಾಷೆಯಾಗಿ ಕೇಳಿಸುತ್ತಿತ್ತೇನೋ. ಆದರೆ ಗೊಂಬೆಗಳಿಗೆ ಮಾತು ಬರಿಸುವುದೇ ನನ್ನ ಹೊಟ್ಟೆಪಾಡು. ಹದಿನಾರು ವರ್ಷದಿಂದ ಬೆಂಗಳೂರಿನ ಸ್ಟುಡಿಯೋಗಳಲ್ಲಿ ಅನಿಮೇಟರ್ ಆಗಿದ್ದೇನೆ. ಹೊರದೇಶದ ಮಕ್ಕಳ ಸರಣಿಗಳಿಗಾಗಿ ಕರಡಿ, ಪೆಂಗ್ವಿನ್, ಮಾತಾಡುವ ಟ್ರ್ಯಾಕ್ಟರ್, ಒಮ್ಮೆ ಒಂದು ಸಿಡುಕು ಮೂಲಂಗಿ, ಇವೆಲ್ಲದರ ತುಟಿ, ಹುಬ್ಬು, ಬಾಲ ಕುಣಿಸಿದ್ದೇನೆ. ಈ ಹದಿನಾರು ವರ್ಷದ ಸ್ಟುಡಿಯೋ ಕೆಲಸದಲ್ಲಿ ಕನ್ನಡದ ಒಂದೇ ಒಂದು ಸಾಲಿಗೆ ನಾನು ಬಾಯಿ ಆಡಿಸಿಲ್ಲ. ಆ ಕೆಲಸ ನನ್ನ ಮೇಜಿಗೆ ಒಮ್ಮೆಯೂ ಬರಲಿಲ್ಲ. ಇಷ್ಟು ದಿನ ಅದು ನನಗೂ ಒಂದು ಕೊರತೆಯಾಗಿ ಕಂಡಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಪತ್ರ ನಿಮಗೇ ಯಾಕೆ ಎಂದರೆ, ಈ ಉದ್ಯಮವನ್ನು ಕೈಹಿಡಿದು ಬೆಳೆಸಿದ್ದು ನೀವು. ಅನಿಮೇಷನ್, ವಿಶುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಸೇರಿಸಿ ಎವಿಜಿಸಿ ಎಂದು ಕರೆಯುವ ಈ ಕ್ಷೇತ್ರಕ್ಕೆ ದೇಶದಲ್ಲೇ ಮೊದಲು ಪ್ರತ್ಯೇಕ ನೀತಿ ತಂದ ರಾಜ್ಯ ನಮ್ಮದು, 2012ರಲ್ಲಿ. 2017ರಲ್ಲಿ ಅದು ಪರಿಷ್ಕರಣೆಯಾಯಿತು, 2024ರಲ್ಲಿ 2029ರವರೆಗಿನ ಮೂರನೆಯ ನೀತಿ ಬಂತು. ಲಲಿತಕಲಾ ಕಾಲೇಜುಗಳಲ್ಲಿ ಡಿಜಿಟಲ್ ಕಲಾ ಕೇಂದ್ರಗಳು ಬಂದವು, ಮಹದೇವಪುರದಲ್ಲಿ ಉತ್ಕೃಷ್ಟತಾ ಕೇಂದ್ರ ತೆರೆಯಿತು. ಇದನ್ನೆಲ್ಲ ಹಗುರವಾಗಿ ಕಾಣುವವಳಲ್ಲ ನಾನು. ನನ್ನ ತಂಡದ ಅರ್ಧದಷ್ಟು ಹುಡುಗರು ದಾವಣಗೆರೆ, ಕಲಬುರಗಿ, ಧಾರವಾಡದ ಕಲಾಶಾಲೆಗಳಿಂದ ಬಂದವರು. ಒಳ್ಳೆಯ ಕೈ, ಒಳ್ಳೆಯ ಕಣ್ಣು. ಆದರೆ ಹೊಸ ನೀತಿಯ ಗುರಿಗಳನ್ನು ನೋಡಿ: 30,000 ಹೊಸ ಉದ್ಯೋಗ, ಕ್ಷೇತ್ರದ ಆದಾಯದಲ್ಲಿ ಕನಿಷ್ಠ ಶೇ 80ರಷ್ಟು ರಫ್ತಿನಿಂದ. ರಫ್ತು ಬೇಡವೆನ್ನಲು ನನಗೆ ಬಾಯಿಲ್ಲ, ನನ್ನ ಮನೆಯ ಬಾಡಿಗೆ ಅದರಿಂದಲೇ ಹೋಗುತ್ತದೆ. ಆದರೂ ಮನೆಯ ಹಸು ಕರೆದ ಹಾಲೆಲ್ಲ ಡೈರಿಗೇ ಹೋಗಿ, ಮನೆಯ ಮಗುವಿಗೆ ಕರಿ ಕಾಫಿ ಕುಡಿಸುವ ಲೆಕ್ಕ ಇದು.

ರಫ್ತಿನದೂ ಗಟ್ಟಿ ನೆಲವೇನಲ್ಲ. 2025ರ ಫೆಬ್ರವರಿಯಲ್ಲಿ ಫ್ರಾನ್ಸಿನ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನಲ್ಲಿದ್ದ ಅದರ ಸ್ಟುಡಿಯೋಗಳೂ ಬಾಗಿಲು ಹಾಕಿದವು. ಹಾಲಿವುಡ್ಡಿನ ದೊಡ್ಡ ದೊಡ್ಡ ಕುಟುಂಬ ಚಿತ್ರಗಳಿಗೆ ಸಿಂಹದ ಕೇಸರ, ಬೆಕ್ಕಿನ ಮೀಸೆ ಮಾಡಿಕೊಟ್ಟ ಕೈಗಳು ಒಂದೇ ವಾರದಲ್ಲಿ ಖಾಲಿಯಾದವು. ನನಗೆ ಪರಿಚಯದ ಒಬ್ಬರು ಈಗ ಮದುವೆ ವಿಡಿಯೋ ಎಡಿಟ್ ಮಾಡುತ್ತಾರೆ. ಆಗ ಅವರ ಕೈಯಲ್ಲಿ ಸ್ವಂತದ ಒಂದು ಪಾತ್ರ, ಇಲ್ಲಿಯ ಮಕ್ಕಳಿಗೆ ಹೆಸರು ಗೊತ್ತಿರುವ ಒಂದು ಸರಣಿ ಇದ್ದಿದ್ದರೆ? ಪರರ ಗದ್ದೆಯಲ್ಲಿ ಎಷ್ಟು ನಾಟಿ ಮಾಡಿದರೂ ಭತ್ತ ಅವರ ಕಣಜಕ್ಕೇ. ಅದು ಕೂಲಿ ಕೆಲಸದ ನಿಯಮ.

ಇನ್ನು ಡಬ್ಬಿಂಗ್. ಈ ವಿಷಯ ಎತ್ತಿದರೆ ಹಳೆಯ ಗಾಯ ಕೆದಕಿದಂತೆ ಎಂದು ಗೊತ್ತು. 60ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿಯವರ ಕನ್ನಡ ಚಳವಳಿಯ ಕಾವಿನಲ್ಲಿ ಡಬ್ಬಿಂಗ್ ಬೇಡ ಎಂದದ್ದಕ್ಕೆ ಆಗ ಕಾರಣಗಳಿದ್ದವು. ಬೆಂಗಳೂರಿನ ಟಾಕೀಸುಗಳಲ್ಲೇ ಕನ್ನಡ ಚಿತ್ರಕ್ಕೆ ಜಾಗ ಸಿಗದ ಕಾಲ ಅದು. ದೊಡ್ಡವರ ಸಿನಿಮಾಕ್ಕೆ ಆ ಕಟ್ಟು ಒಳ್ಳೆಯದೇ ಮಾಡಿತೋ ಏನೋ, ಅದನ್ನು ಬಲ್ಲವರು ಹೇಳಲಿ. ಮಕ್ಕಳ ಲೆಕ್ಕವನ್ನು ಮಾತ್ರ ಆಗ ಯಾರೂ ಹಿಡಿಯಲಿಲ್ಲ. ತೊಂಬತ್ತರ ದಶಕದಲ್ಲಿ ನಾನು ಚಿಕ್ಕವಳಿದ್ದಾಗ ಭಾನುವಾರ ದೂರದರ್ಶನದಲ್ಲಿ ಕಾಡಿನ ಹುಡುಗ ಮೋಗ್ಲಿಯ ಜಪಾನಿ ಸರಣಿ ಹಿಂದಿಯಲ್ಲಿ ಬರುತ್ತಿತ್ತು. ಅದರ ಹಾಡನ್ನು ಬೀದಿಯ ಮಕ್ಕಳೆಲ್ಲ ತಪ್ಪುತಪ್ಪಾಗಿ, ಅರ್ಥವಾಗದೆ, ಗಂಟಲು ಹರಿಯುವಂತೆ ಹಾಡುತ್ತಿದ್ದೆವು. ಕಾಡು ಎಂದರೆ ನಮ್ಮ ತಲೆಯಲ್ಲಿ ಹಿಂದಿ ಮಾತಾಡುವ ಜಾಗವಾಗಿತ್ತು, ಬಂಡೀಪುರದ ಜಿಲ್ಲೆಯಲ್ಲೇ ನನ್ನ ಅಜ್ಜಿಮನೆ ಇದ್ದರೂ. 2009ರಲ್ಲಿ ಮಕ್ಕಳ ಕನ್ನಡ ವಾಹಿನಿ ಚಿಂಟು ಟಿವಿ ಬಂದ ಮೇಲೆ ಪರದೆಯ ಪ್ರಾಣಿಗಳು ಕನ್ನಡ ಮಾತಾಡತೊಡಗಿದವು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ತೀರ್ಪು ಕೊಟ್ಟಿತು. ಈಗ ಬಾಗಿಲೇನೋ ತೆರೆದಿದೆ.

ಆದರೆ ಬಾಗಿಲಿನಿಂದ ಒಳಗೆ ಬಂದ ಕನ್ನಡ ಯಾವುದು? 'ಓಹ್, ಇದು ಎಷ್ಟೊಂದು ಅದ್ಭುತವಾಗಿದೆ ಗೆಳೆಯಾ! ಬಾ, ನಾವು ಈಗಲೇ ಹೊರಡೋಣ!' ಎನ್ನುವ ಕನ್ನಡ. ಯಾವ ಊರಿನ ಯಾವ ಮಗುವೂ ಹೀಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ತರ್ಜುಮೆ ಮಾಡಿದವರನ್ನು ಬೈಯುವುದು ಸುಲಭ. ಬಾಯಿ ಆಡಿಸುವ ಕೆಲಸದವಳಾದ್ದರಿಂದ ಅವರ ಕಷ್ಟವನ್ನು ಸ್ವಲ್ಪ ವಿವರಿಸುತ್ತೇನೆ, ನೀವು ತಾಳ್ಮೆಯಿಂದ ಓದಬೇಕು.

ಅನಿಮೇಷನ್‌ನಲ್ಲಿ ಮಾತು ಮೊದಲು, ಚಿತ್ರ ಆಮೇಲೆ. ಕಲಾವಿದರ ದನಿ ಮುದ್ರಿಸಿಕೊಂಡು ಆ ದನಿಗೆ ತಕ್ಕಂತೆ ಬಾಯಿ ತಿದ್ದುತ್ತೇವೆ. ಸೆಕೆಂಡಿಗೆ 24 ಫ್ರೇಮು. ಪ, ಬ, ಮ ಬಂದಲ್ಲಿ ತುಟಿ ಕೂಡಲೇಬೇಕು, ಆ ಬಂದಲ್ಲಿ ದವಡೆ ಇಳಿಯಬೇಕು, ಊ ಬಂದಲ್ಲಿ ತುಟಿ ಮುಂದೆ ಚಾಚಬೇಕು. ಇಂಗ್ಲಿಷ್ ಮಾತುಗಳು ಬಹಳಷ್ಟು ವ್ಯಂಜನದಲ್ಲಿ ಮುಗಿಯುತ್ತವೆ. ಸ್ಟಾಪ್, ಕಮ್, ಹೆಲ್ಪ್. ತುಟಿ ಟಪ್ಪೆಂದು ಮುಚ್ಚಿಕೊಳ್ಳುತ್ತದೆ. ನಮ್ಮದು ಹಾಗಲ್ಲ. ನಾವು ಬಸ್ ಎಂಬುದನ್ನೂ ಬಿಡದೆ ಬಸ್ಸು ಮಾಡಿಕೊಂಡವರು, ಪೆನ್ ಅನ್ನು ಪೆನ್ನು ಮಾಡಿಕೊಂಡವರು. ಕನ್ನಡದ ಮಾತು ಬಾಯಿ ತೆರೆದುಕೊಂಡು ಮುಗಿಯುತ್ತದೆ. ನಿಲ್ಲು, ಬಾ, ಕಾಪಾಡಿ. ಹೀಗಾಗಿ ಪರದೆಯ ಕರಡಿ ಬಾಯಿ ಮುಚ್ಚಿದ ಮೇಲೂ ಕನ್ನಡದ ಕೊನೆಯ ಸ್ವರ ಗಾಳಿಯಲ್ಲಿ ತೇಲುತ್ತಿರುತ್ತದೆ. ಅದನ್ನು ಮುಚ್ಚಿಡಲು ಡಬ್ಬಿಂಗಿನವರು ಸಾಲನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ, ಎಲ್ಲಿಯದೋ ಒಂದು 'ಗೆಳೆಯಾ' ತಂದು ಸಿಕ್ಕಿಸುತ್ತಾರೆ.

ಕೈಯದು ಇನ್ನೂ ದೊಡ್ಡ ಕಥೆ. ಇಂಗ್ಲಿಷಿನ ಮರಿಕರಡಿ ಮೊದಲು 'ನೋಡು' ಎನ್ನುತ್ತದೆ, ಬೆರಳು ತೋರುತ್ತದೆ, ಆಮೇಲೆ ಹಾವು, ಆಮೇಲೆ ಮರ. ನನ್ನ ಅಜ್ಜಿ ಅದನ್ನೇ ಹೇಳುವಾಗ ಮೊದಲು ದೂರದ ಆ ಮರ, ಅದರ ಕೊಂಬೆ, ಕೊಂಬೆಯ ಪೊಟರೆ, ಪೊಟರೆಯಲ್ಲಿ... ಎಂದು ಎಳೆದು ಕೊನೆಗೆ 'ಹಾವೈತೆ ನೋಡು!' ಎನ್ನುತ್ತಿದ್ದಳು. ಬೆರಳು ಎದ್ದೇಳುವುದು ಆಗ. ಮಕ್ಕಳು ಬೆಚ್ಚಿಬೀಳುವುದೂ ಆಗಲೇ. ಕನ್ನಡದ ಕಥೆಯ ಕುತೂಹಲವೆಲ್ಲ ವಾಕ್ಯದ ಬಾಲದಲ್ಲಿದೆ, ಕ್ರಿಯಾಪದ ಬರುವ ತನಕ ಉಸಿರು ಹಿಡಿದಿರಬೇಕು. ಹೂಂ ಎನ್ನುವಾಗ ನಮ್ಮ ತಲೆ ಅಡ್ಡಡ್ಡ ತೂಗುತ್ತದೆ, ಬೇಡ ಎನ್ನಲು ನಾಲಗೆಯಲ್ಲೊಂದು ತ್ಚ ಸಾಕು, ಇಶ್ಶೀ ಎಂದರೆ ಮೂಗಿನ ಜೊತೆ ಭುಜವೂ ಕುಗ್ಗುತ್ತದೆ. ಇದ್ಯಾವುದೂ ಡಬ್ಬಿಂಗಿನಲ್ಲಿ ಬರುವುದಿಲ್ಲ, ಬರಲು ಸಾಧ್ಯವೂ ಇಲ್ಲ. ಎರವಲು ಮೈಗೆ ನಮ್ಮ ದನಿ ಅಂಟಿಸಿದಂತಾಗುತ್ತದೆ ಅಷ್ಟೇ.

ಡಬ್ಬಿಂಗ್ ಬೇಡವೆನ್ನುತ್ತಿಲ್ಲ. ಇರಲಿ, ಚೆನ್ನಾಗಿರಲಿ. 2017ರಲ್ಲಿ ಡಿಸ್ನಿಯ 'ಮೊವಾನಾ' ಮಾವೊರಿ ಭಾಷೆಗೆ ಡಬ್ ಆಗಿ ನ್ಯೂಜಿಲೆಂಡಿನಲ್ಲಿ ತೆರೆಕಂಡಿತು. ಅದನ್ನು ಮಾತಾಡಬಲ್ಲವರು ಆ ದೇಶದಲ್ಲಿ ಎರಡು ಲಕ್ಷದ ಆಸುಪಾಸು ಅಷ್ಟೇ. 2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿಯವರು 4.37 ಕೋಟಿ. ದುಬೈಯಲ್ಲಿ, ಡಲ್ಲಾಸಿನಲ್ಲಿ ಮಕ್ಕಳಿಗೆ ವಾರಕ್ಕೊಮ್ಮೆ ಕನ್ನಡ ಕಲಿಸಲು ಒದ್ದಾಡುವ ಅಪ್ಪ ಅಮ್ಮಂದಿರು ಬೇರೆ. ಓಟಿಟಿ ಕಂಪನಿಗಳ ಜೊತೆ ಒಪ್ಪಂದಕ್ಕೆ ಕೂರುವಾಗ ಈ ಸಂಖ್ಯೆಯನ್ನು ನೀವು ಮೇಜಿನ ಮೇಲಿಡಬಹುದು. ಆದರೆ ನಾನು ಬೇಡಲು ಬಂದದ್ದು ಡಬ್ಬಿಂಗನ್ನಲ್ಲ, ಕನ್ನಡದಲ್ಲೇ ಹುಟ್ಟಿದ ಬಾಯಿಯನ್ನು.

ಕಥೆಗೆ ಬರವೇ? ನಗು ಬರುತ್ತದೆ. ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದು ಸುಮಾರು ಸಾವಿರ ವರ್ಷವಾಯಿತು. ಪ್ರಾಣಿಗಳಿಗೆ ಕನ್ನಡ ಕಲಿಸಿದ್ದು ಅಷ್ಟು ಹಳೆಯ ಮಾತು. ಚಿತ್ರಕ್ಕೆ ಚಲನೆ ಕೊಡುವುದೂ ನಮಗೆ ಹೊಸತಲ್ಲ. ತೊಗಲು ಗೊಂಬೆಯಾಟ ನೋಡಿದ್ದೀರಲ್ಲ, ಬೆಳಕಿನ ಮುಂದೆ ಚರ್ಮದ ಕೀಲುಗೊಂಬೆ ಕುಣಿಸಿ ರಾತ್ರಿಯಿಡೀ ರಾಮಾಯಣ ಆಡಿಸುವುದು? ನಾವು ಇವತ್ತು ಕಂಪ್ಯೂಟರಿನಲ್ಲಿ ರಿಗ್ಗಿಂಗ್ ಎನ್ನುವುದು ಅದೇ, ಯಾವ ಕೀಲು ಎಲ್ಲಿ ಮಡಚಬೇಕೆಂದು ನಿಶ್ಚಯಿಸುವುದು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತು ದಾಟಿದ ವಯಸ್ಸಿನಲ್ಲಿ. ಅವರ ಗೊಂಬೆಯ ಮೊಣಕೈ ಬಾಗುವ ರೀತಿಯನ್ನು ನಮ್ಮ ಉತ್ಕೃಷ್ಟತಾ ಕೇಂದ್ರದಲ್ಲಿ ಯಾರಾದರೂ ಒಂದು ದಿನ ಕುಳಿತು ಅಭ್ಯಾಸ ಮಾಡಲಿ ಎಂದು ನನಗಾಸೆ.

ನಮ್ಮ ಕಥೆಗಳನ್ನು ಬೇರೆಯವರು ಮಾಡಿಕೊಂಡ ಪರಿಯನ್ನೂ ಕೇಳಿ. ಹಂಪಿಯ ಆಸ್ಥಾನದಲ್ಲಿ ನಗಿಸಿದ ತೆನಾಲಿ ರಾಮನನ್ನು ಎರಡು ದಶಕದ ಹಿಂದೆಯೇ ಅನಿಮೇಷನ್ ಸರಣಿ ಮಾಡಿದ್ದು ತಿರುವನಂತಪುರದ ಸ್ಟುಡಿಯೋ. ಗೋವಿನ ಹಾಡಿನದು ಇನ್ನೂ ಸ್ವಾರಸ್ಯ. ಕನ್ನಡದ ಮಕ್ಕಳಿಗೆ ತಲೆಮಾರುಗಟ್ಟಲೆ ಕಣ್ಣೀರು ಬರಿಸಿದ ಆ ಹಾಡನ್ನು ಬೆಂಗಳೂರಿನವರೇ ಆದ ರವಿಶಂಕರ್ ವಿ. ಅವರು ಜನರಿಂದ ಹಣ ಸೇರಿಸಿ, ವರ್ಷಗಟ್ಟಲೆ ಹೆಣಗಿ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ ಮಾಡಿದರು. 'ಪುಣ್ಯಕೋಟಿ' 2020ರಲ್ಲಿ ಬಂತು, ಇಳಯರಾಜರ ಸಂಗೀತ. ಭಾಷೆ? ಸಂಸ್ಕೃತ. ಅವರ ಆಯ್ಕೆಗೆ ನನ್ನ ತಕರಾರಿಲ್ಲ, ಅಷ್ಟು ವರ್ಷ ಅದಕ್ಕೆ ಹೆಗಲು ಕೊಟ್ಟವರು ಅವರು. ನನ್ನ ಪ್ರಶ್ನೆ ನಿಮಗೆ: ಆ ಹಸು ಕನ್ನಡದಲ್ಲಿ ಹುಟ್ಟಲು ಬೇಕಾದ ಕೊಟ್ಟಿಗೆಯನ್ನು ನಾವು ಕಟ್ಟಿದ್ದೆವೇ?

ನೋಡುವವರಿಲ್ಲ ಎನ್ನುವ ವಾದ ಇತ್ತು, 2025ರ ಜುಲೈನಲ್ಲಿ ಅದೂ ಮುಗಿಯಿತು. ನಮ್ಮ ಹೊಂಬಾಳೆ ಫಿಲ್ಮ್ಸ್ ಪ್ರಸ್ತುತಪಡಿಸಿದ 'ಮಹಾವತಾರ ನರಸಿಂಹ' ಮುನ್ನೂರು ಕೋಟಿ ರೂಪಾಯಿಗೂ ಹೆಚ್ಚು ಗಳಿಸಿತೆಂದು ವರದಿಯಾಯಿತು, ಭಾರತದ ಬೇರಾವ ಅನಿಮೇಷನ್ ಚಿತ್ರವೂ ಅಷ್ಟು ಕಂಡಿರಲಿಲ್ಲ. ನಾವು ಅದನ್ನು ಕನ್ನಡದಲ್ಲಿ ನೋಡಿದೆವು, ಅತ್ತೆ ಮಾವ ಸಮೇತ. 1983ರಲ್ಲಿ ಪ್ರಹ್ಲಾದನಾಗಿದ್ದ ಪುಟ್ಟ ಪುನೀತ್‌ನನ್ನು ನೆನೆದು ಅತ್ತೆ ಇಂಟರ್ವಲ್ಲಿನಲ್ಲಿ ಕಣ್ಣೊರೆಸಿಕೊಂಡರು, ಮಗಳು ಹಿರಣ್ಯಕಶಿಪುವಿನ ಗದೆ ಎಷ್ಟು ಭಾರ ಎಂದು ವಿಚಾರಿಸುತ್ತಿದ್ದಳು. ಮೂರು ತಲೆಮಾರು ಒಂದೇ ಸಾಲಿನಲ್ಲಿ ಕುಳಿತು ನೋಡುವ ಚಿತ್ರ ಈಚೆಗೆ ಎಷ್ಟಿವೆ ಹೇಳಿ.

ಆದರೂ ನನಗೆ ದೊಡ್ಡ ಚಿತ್ರದ ಆಸೆಯಿಲ್ಲ. ದೇವರು, ರಾಕ್ಷಸ, ಗದೆ ಇವು ಹೇಗೂ ಬರುತ್ತವೆ, ಅವಕ್ಕೆ ಹಣ ಹಾಕುವವರಿದ್ದಾರೆ. ಮಗುವಿನ ಭಾಷೆ ಕಟ್ಟಿಕೊಳ್ಳುವುದು ವರ್ಷಕ್ಕೊಮ್ಮೆ ನೋಡುವ ದೊಡ್ಡ ಪರದೆಯಿಂದಲ್ಲ. ದಿನಾ ಸಂಜೆ ಬರುವ, ಅದೇ ಅದೇ ಪಾತ್ರಗಳ, ಏಳು ನಿಮಿಷದ ಪುಟಾಣಿ ಕಥೆಯಿಂದ. ಹಲ್ಲು ಬಿದ್ದದ್ದು, ಕರೆಂಟು ಹೋದದ್ದು, ಸಂತೆಯಲ್ಲಿ ಕಳೆದುಹೋದದ್ದು, ಅಜ್ಜನ ಕನ್ನಡಕ ಒಡೆದದ್ದು. ಕೋಲ್ಕತ್ತದಲ್ಲಿ ತಯಾರಾದ, ಬಂಗಾಳದ ಆಸ್ಥಾನ ವಿದೂಷಕ ಗೋಪಾಲ್ ಭಾಂಡ್‌ನ ಬಂಗಾಳಿ ಸರಣಿ 2015ರಲ್ಲಿ ಶುರುವಾಗಿ ಸಾವಿರ ಕಂತು ದಾಟಿತು. ದೊಡ್ಡ ತಾಂತ್ರಿಕತೆಯೇನಿಲ್ಲ, ಸಾದಾ ಎರಡು ಆಯಾಮದ ಚಿತ್ರ. ಆದರೆ ಅದರ ನಗು ಬಂಗಾಳಿಯಲ್ಲೇ ಹುಟ್ಟಿದ್ದು.

ಖರ್ಚಿನ ಲೆಕ್ಕವನ್ನು ನನ್ನ ಮೇಜಿನಿಂದಲೇ ಕೊಡುತ್ತೇನೆ. ಟಿವಿ ಸರಣಿಯ ವೇಗದಲ್ಲಿ ನಾನು ವಾರಕ್ಕೆ ಸುಮಾರು ಮೂವತ್ತು ಸೆಕೆಂಡು ಅನಿಮೇಟ್ ಮಾಡುತ್ತೇನೆ. ಏಳು ನಿಮಿಷವೆಂದರೆ 10,080 ಫ್ರೇಮು, ಒಬ್ಬರಿಗೆ ಹದಿನಾಲ್ಕು ವಾರ. ಇಪ್ಪತ್ತಾರು ಕಂತಿಗೆ 364 ವಾರ, ಅಂದರೆ ಏಳು ಮಂದಿಯ ಒಂದು ವರ್ಷದ ದುಡಿಮೆ. ಕಥೆ, ವಿನ್ಯಾಸ, ರಿಗ್, ಹಿನ್ನೆಲೆ, ಬೆಳಕು, ದನಿ, ಸಂಗೀತದವರನ್ನು ಸೇರಿಸಿದರೆ ಮೂವತ್ತು ಜನರ ತಂಡ ಎಂದಿಟ್ಟುಕೊಳ್ಳಿ. ಸಾವಿರಗಟ್ಟಲೆ ಉದ್ಯೋಗದ ಗುರಿಯಲ್ಲಿ ಮೂವತ್ತು. ನೀವು ಸ್ಟುಡಿಯೋಗಳಿಗೆ ಕೊಡುವ ರಿಯಾಯಿತಿ, ಪ್ರೋತ್ಸಾಹಧನದ ಒಂದು ಸಣ್ಣ ಪಾಲನ್ನು ಇಂಥ ಕನ್ನಡ ಕಂತುಗಳಿಗೆ ಕಟ್ಟಿಹಾಕಿ. ಪಾತ್ರದ ಹಕ್ಕು ಮಾಡಿದವರ ಹೆಸರಲ್ಲೇ ಇರಲಿ, ಗೊಂಬೆ, ಪುಸ್ತಕ ಮಾರಿ ಅವರು ಬದುಕಿಕೊಳ್ಳಲಿ. ಬರೆಯುವವರಿಗೆ ಮೊದಲು ದುಡ್ಡು ಕೊಡಿ. ನಮ್ಮಲ್ಲಿ ಕಥೆ ಬರೆದವರಿಗೆ ಶಾಲು ಹೊದಿಸಿ ಕಳಿಸುವ ಚಾಳಿ ಇದೆ.

ತೋರಿಸಲು ಜಾಗವೂ ಇದೆ. ಚಂದನ ವಾಹಿನಿ ಇದೆ. ಲಾಕ್‌ಡೌನಿನಲ್ಲಿ ಶಿಕ್ಷಣ ಇಲಾಖೆ 'ಮಕ್ಕಳ ವಾಣಿ' ಎಂದು ಯೂಟ್ಯೂಬ್ ವಾಹಿನಿ ತೆರೆದು ಕಥೆ ಹೇಳಿಸಿತ್ತಲ್ಲ, ಅಂಥದ್ದು ಮತ್ತೆ ಆಗಬಹುದು. ಈಗ ಯೂಟ್ಯೂಬಿನಲ್ಲಿ ಶಿಶುಗೀತೆಗಳೇನೋ ಹೇರಳ. ಆದರೆ ಒಂದೇ ಚಿತ್ರಕ್ಕೆ ಐದು ಭಾಷೆಯ ಹಾಡು ಹೊಲಿದು ಬಿಟ್ಟವೇ ಬಹಳ, ಆ ಮನೆ, ಆ ಊಟ, ಆ ಬೀದಿ ಯಾವ ಊರಿನದೂ ಅಲ್ಲ. ಎಳೆಯ ಮಕ್ಕಳಿಗೆ ಪರದೆಯೇ ಬೇಡ ಎನ್ನುವವರ ಮಾತೂ ನಿಜವೇ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಾನು ಕೇಳುತ್ತಿರುವುದು ಆ ತಾಸಿನಲ್ಲಿ ಏಳು ನಿಮಿಷ.

ಯಾವ ಕನ್ನಡ ಎಂದು ಸಮಿತಿ ಮಾಡಲು ಹೊರಡಬೇಡಿ, ದಯವಿಟ್ಟು. ಒಂದು ಕಂತಿನ ಆಡು ಧಾರವಾಡದ್ದಾಗಲಿ, ಇನ್ನೊಂದರ ಬೆಕ್ಕು ಕುಂದಾಪುರದ್ದು, ಕಾಗೆ ಕಲಬುರಗಿಯದು. ಮಕ್ಕಳಿಗೆ ಅರ್ಥವಾಗುತ್ತದೆ. ಅರ್ಥವಾಗದ ಹಿಂದಿಯನ್ನೇ ನೋಡಿ ನೋಡಿ ಕಲಿತ ಮಕ್ಕಳಿಗೆ ಕುಂದಾಪುರ ಕಷ್ಟವೇ?

ಮೂರು ಇಲಾಖೆಗೆ ಒಂದೇ ಪತ್ರ ಬರೆದದ್ದಕ್ಕೆ ಕ್ಷಮೆ ಇರಲಿ. ಅನಿಮೇಷನ್ ಐಟಿ-ಬಿಟಿಯವರದು, ಮಕ್ಕಳ ಚಿತ್ರದ ಸಹಾಯಧನ ವಾರ್ತಾ ಇಲಾಖೆಯದು, ಮಕ್ಕಳ ಸಾಹಿತ್ಯ, ತೊಗಲು ಗೊಂಬೆ ಸಂಸ್ಕೃತಿ ಇಲಾಖೆಯವು. ಮೂರೂ ಕೊಠಡಿಗಳ ನಡುವಿನ ಓಣಿಯಲ್ಲಿ ನನ್ನ ಮಗಳ ಮೊಲ ನಿಂತಿದೆ. ರಾತ್ರಿ ಕೆಲಸ ಮುಗಿಸಿ, ನಿದ್ದೆಗೆಟ್ಟು ನಾನು ಮತ್ತು ಇಬ್ಬರು ಗೆಳೆಯರು ನಲವತ್ತು ಸೆಕೆಂಡಿನ ಒಂದು ತುಣುಕು ಮಾಡಿದ್ದೇವೆ. ಜ್ವರ ಬಂದ ಮೊಲ, ಮರದ ಡಾಕ್ಟರು, ಕಷಾಯ ಬೇಡವೆಂದು ಒಂದು ತ್ಚ. ದನಿ ಕೊಟ್ಟವಳು ನನ್ನ ಅತ್ತೆ, ಬಾಯಿ ಆಡಿಸಿದವಳು ನಾನು. ಮೊದಲ ಸಲ ಕನ್ನಡಕ್ಕೆ ಬಾಯಿ ಆಡಿಸುವಾಗ ಕೈ ತಡವರಿಸಿತು, ಪ್ರತಿ ಮಾತಿನ ಕೊನೆಯಲ್ಲೂ ಅಭ್ಯಾಸಬಲದಿಂದ ತುಟಿ ಮುಚ್ಚಿಸಿಬಿಡುತ್ತಿದ್ದೆ. ಮೂರು ಸಲ ತಿದ್ದಿದೆ.

ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಬರುತ್ತೇನೆ. ನಲವತ್ತೇ ಸೆಕೆಂಡು. ಯಾವ ಕೊಠಡಿಗೆ ಬರಬೇಕೆಂದು ನಿಮ್ಮ ಮೂವರಲ್ಲಿ ಯಾರಾದರೊಬ್ಬರು ತಿಳಿಸಿದರೆ ಸಾಕು.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಅನಿಮೇಟರ್, ಬೆಂಗಳೂರು